ನಡುವಿನ ಸೀಟು

“ನಡುವ ನಾ ಕುಂತಿದ್ದೆನಲ್ರಿ,” ಅಂದ ಮಾಣಿಕಪ್ಪ. “ನಿಮ್ಮ ಮಗಳು ಮುಂದ ಇದ್ಲು.”

ಲತೀಫಾ ಹೊಲಿಗೆ ಮಷೀನು ತುಳಿಯುವುದನ್ನು ನಿಲ್ಲಿಸಿದಳು. ಸೂಜಿ ಬ್ಲೌಸಿನ ತೋಳಿನಲ್ಲಿ ಅರ್ಧ ಇಳಿದು ನಿಂತಿತು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದ ಮುದುಕನನ್ನು ಅವಳು ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ. ದಂಡೋತಿಯವನು, ವಾಡಿಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದು ರಿಟೈರ್ ಆದವನು, ಆವತ್ತು ಅದೇ ಆಟೋದಲ್ಲಿದ್ದವನು. ಇಷ್ಟನ್ನು ಅವನೇ ಹೇಳಿಕೊಂಡಿದ್ದ. ಹೋದ ಮಳೆಗಾಲದಲ್ಲಿ ಟ್ಯಾಂಕರಿಗೆ ದಾರಿ ಬಿಡಲು ಹೋಗಿ ಮಳಖೇಡದ ರಸ್ತೆಯಲ್ಲಿ ಪಲ್ಟಿಯಾದ ಆ ಆಟೋ ಅವಳ ಗಂಡ ಅಬ್ದುಲ್ ಸಲಾಮನದು. ಓಡಿಸುತ್ತಿದ್ದವನೂ ಅವನೇ. ಸತ್ತದ್ದು ಅವರ ಮಗಳು ಅತೀಯಾ ಒಬ್ಬಳೇ.

“ನಿಮಗ ನೆನಪು ತಪ್ಪಿರಬೇಕು,” ಅಂದಳು ಲತೀಫಾ. “ಆಕಿ ಹಿಂದಿನ ಸೀಟಿನ್ಯಾಗ ನಡುವ ಕುಂತಿದ್ಲು. ಆ ಕಡಿಗಿ ಒಬ್ರು, ಈ ಕಡಿಗಿ ಒಬ್ರು.”

“ಚಿತ್ತಾಪುರದಿಂದ ಹಂಗೇ ಬಂದಾಳ. ದಂಡೋತ್ಯಾಗ ನಾ ಹತ್ತಿದೆ. ಕಣ್ಣಿನ ಆಪರೇಶನ್ ಆಗಿತ್ತು, ಹಸಿರು ಪಟ್ಟಿ ಕಟ್ಟಿದ್ರು. ಮುಂದ ಡ್ರೈವರ್ ಬಾಜೂಕ ಕೂಡ್ಲಾಕ ಹೋದೆ. ನಿಮ್ಮ ಮನಿಯವ್ರು, ಬ್ಯಾಡ ಕಾಕಾ, ಗಾಳಿ ಹೊಡೀತದ, ಸಿಮೆಂಟ್ ಧೂಳು ಬಿದ್ರ ಕಣ್ಣು ಹೋಗ್ತದ, ಹಿಂದ ಕುಂದ್ರಿ ಅಂದ್ರು. ಮಗಳನ್ನ ಮುಂದ ಕರಕೊಂಡ್ರು. ಆಕಿ ಜಾಗದಾಗ ನಾ ಕುಂತೆ. ಇನ್ನಾ ಬೆಚ್ಚಗಿತ್ತು ಸೀಟು.”

ಅವಳಿಗೆ ಗೊತ್ತಿಲ್ಲದ್ದನ್ನು ಹೇಳುತ್ತಿದ್ದೇನೆ ಎಂಬ ಅನುಮಾನ ಅವನಿಗೆ ಬರಲಿಲ್ಲ. ಎಷ್ಟೋ ದಿನದಿಂದ ಕಟ್ಟಿಕೊಂಡು ಬಂದ ಮಾತನ್ನು ಪೂರ್ತಿ ಇಳಿಸುವವರೆಗೆ ಅವನು ತಲೆ ಎತ್ತಲಿಲ್ಲ.

“ನನಗ ಒಂದು ಗೀರು ಬೀಳಲಿಲ್ರಿ. ಕಣ್ಣಿನ ಪಟ್ಟಿ ಸೈತ ಸರೀಲಿಲ್ಲ. ಬೌದ್ಧರು ನಾವು. ದೇವ್ರು ಇಲ್ಲ ದಿಂಡ್ರು ಇಲ್ಲ ಅಂತ ಊರೂರಿಗಿ ಹೋಗಿ ಭಾಷಣ ಮಾಡ್ದವ ನಾ. ಆದ್ರ ಆವತ್ತಿನಿಂದ, ಏನೋ ಅದ ಅನಸ್ತದ. ಆ ಕೂಸಿನ ಫೋಟೋ ಪೇಪರಿನ್ಯಾಗ ಬಂದಿತ್ತು. ದೊಡ್ಡದು ಮಾಡಿಸಿ ಗ್ವಾಡಿಗಿ ಹಾಕೀನಿ. ದಿನಾ ಸಂಜಿಗಿ ಒಂದು ಮೇಣಬತ್ತಿ ಹಚ್ತೀನಿ. ಮನಸ್ಸಿಗಿ ಭಾಳ ಸಮಾಧಾನ ಆಗ್ತದ. ಇದನ್ನ ನಿಮಗ ಹೇಳದೆ ಇರೂದು ಸರಿ ಅಲ್ಲ ಅಂತ ಬಂದೆ.”

“ಹೇಳಿದ್ರಲ್ಲ,” ಅಂದಳು ಲತೀಫಾ.

ಅವನು ಎದ್ದ. ಜೈಭೀಮ್ ಎನ್ನಲು ಎತ್ತಿದ ಕೈಯನ್ನು ಹಣೆಯ ಹತ್ತಿರ ಒಯ್ದು ಸಲಾಮ್ ಮಾಡಿ ಹೊರಟುಹೋದ. ಚಹಾದ ಕಪ್ಪಿನ ಪಕ್ಕ ಅವನು ತಂದ ಬಿಸ್ಕೀಟಿನ ಪುಡಿಕೆ ಇತ್ತು.

ಲತೀಫಾ ಮೊದಲಿನಿಂದ ನಮಾಜಿನವಳಲ್ಲ. ರಂಜಾನಿನಲ್ಲಿ ರೋಜಾ ಇರುತ್ತಿದ್ದಳು, ಉಳಿದ ತಿಂಗಳು ಹೊಲಿಗೆ. ಮಗಳು ಸತ್ತ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳನ್ನು ಎಬ್ಬಿಸಿದ್ದು ಅದೇ ಓಣಿಯ ಸುಗರಾಬಿ. ಶುಕ್ರವಾರ ಹೆಂಗಸರನ್ನು ಕೂಡಿಸಿಕೊಂಡು ದೀನಿನ, ಧರ್ಮದ ಮಾತು ಹೇಳುವ ಮುದುಕಿ. “ಆಟೋದಾಗ ಎಲ್ಲಾರಕಿಂತ ಬಂದೋಬಸ್ತ್ ಜಾಗ ಯಾವ್ದು ಹೇಳು?” ಎಂದು ಅವಳು ಹಾಸಿಗೆಯ ಪಕ್ಕ ಕೂತು ಕೇಳಿದ್ದಳು. “ಹಿಂದಿನ ಸೀಟು, ಅದರಾಗ ನಡುವ. ಅತ್ತಲಾಗಿನವರು ಉಳಿದ್ರು, ಇತ್ತಲಾಗಿನವರು ಉಳಿದ್ರು. ನಡುವಿನಾಕಿನ್ನ ಒಬ್ಬಾಕಿನ್ನೇ ಎತ್ಕೊಂಡಾನ. ಇದು ಟ್ಯಾಂಕರಿನ ಕೆಲಸ ಅಲ್ಲ ಬೇಟಿ. ಕರೆದವ ಹೆಸರು ಹಿಡದು ಕರದಾನ.”

ಬೇರೆ ಯಾರ ಮಾತೂ ತಾಗದ ಲತೀಫಾಳಿಗೆ ಇದು ತಾಗಿತು. ಇದರಲ್ಲಿ ಲೆಕ್ಕವಿತ್ತು. ಅಪಘಾತ ಬರೀ ಅಪಘಾತವಾಗಿದ್ದರೆ ತುದಿಯಲ್ಲಿದ್ದವರು ಸಾಯಬೇಕಿತ್ತು. ನಡುವೆ ಇದ್ದವಳು ಸತ್ತಿದ್ದಾಳೆಂದರೆ ಯಾರೋ ಆರಿಸಿದ್ದಾರೆ. ಆರಿಸುವವನೊಬ್ಬ ಇದ್ದಾನೆಂದರೆ ಮಗಳು ಅವನ ಹತ್ತಿರ ಇದ್ದಾಳೆ. ಅವಳು ಎದ್ದು ನಮಾಜಿಗೆಂದು ಕೈಕಾಲು ತೊಳೆದು ವಜೂ ಮಾಡಿದಳು, ರೊಟ್ಟಿ ತಿಂದಳು, ಮಷೀನಿಗೆ ಎಣ್ಣೆ ಬಿಟ್ಟಳು. ಮಾತಾಡಿಸಲು ಬಂದವರಿಗೆಲ್ಲ ನಡುವ ಕುಂತಿದ್ಲು, ನಡುವ ಕುಂತಿದ್ಲು ಎಂದೇ ಹೇಳಿದಳು. ಮಾಣಿಕಪ್ಪನಿಗೂ ಚಹಾ ಕೊಟ್ಟು ಅದನ್ನೇ ಹೇಳಿದ್ದಳು.

ಸಲಾಂ ಸಂಜೆ ಬಂದ. ಆಟೋ ಬಿಟ್ಟ ಮೇಲೆ ಅವನು ಸೇಡಂ ರಸ್ತೆಯ ಪರ್ಸಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದ. ಹುಬ್ಬಿನವರೆಗೂ ಕಲ್ಲಿನ ಪುಡಿ ಹತ್ತಿ ಬೆಳ್ಳಗಾಗಿದ್ದ. ಬಚ್ಚಲಿನ ಕಲ್ಲಿನ ಮೇಲೆ ನಿಂತು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದಾಗ ಲತೀಫಾ ಬಾಗಿಲಿಗೆ ಬಂದಳು.

“ಎಲ್ಲಿ ಕುಂತಿದ್ಲು?”

ಅವನು ಚೊಂಬು ಕೆಳಗಿಟ್ಟ.

“ದಂಡೋತಿ ಕಾಕಾ ಬಂದಿದ್ನೇನು?”

“ಎಲ್ಲಿ ಕುಂತಿದ್ಲು ಅಂದೆ.”

“ಮುಂದ. ನನ್ನ ಬಾಜೂಕ.”

“ತುದೀಗಿ?”

“ತುದೀಗಿ. ಅರ್ಧ ಸೀಟು ಇರ್ತದ ಅದು, ನಿನಗೂ ಗೊತ್ತದ. ಕಂಬಿ ಹಿಡ್ಕೊಂಡಿದ್ಲು. ಟ್ಯಾಂಕರ್ ಮ್ಯಾಲ ಬಂತು, ನಾ ರಸ್ತಾ ಬಿಟ್ಟು ಇಳಿಸಿದೆ. ಗಾಲಿ ಕುಸೀತು.”

“ತಾನೇ ಎದ್ದು ಬಂದ್ಲೋ, ನೀ ಕರದಿ?”

ಅವನು ಕಾಲನ್ನು ನೋಡಿಕೊಂಡ. ಒಂದು ಪಾದ ತೊಳೆದಿತ್ತು, ಇನ್ನೊಂದು ಬೆಳ್ಳಗೇ ಇತ್ತು.

“ನಾ ಕರದೆ. ಬಾರೇ ಸೇಠಾಣಿ, ಮುಂದ ಬಾ, ನೀನೇ ಓಡ್ಸು ಅಂದೆ. ನಕ್ಕೋತ ಬಂದ್ಲು.”

ಲತೀಫಾ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. “ನನಗ ಯಾಕ ಸುಳ್ಳು ಹೇಳ್ದಿ?”

“ನಾ ಹೇಳ್ಲಿಲ್ಲ. ದವಾಖಾನ್ಯಾಗ ಯಾರೋ ಹಿಂದ ಕುಂತಿದ್ಲು ಅಂದ್ರು. ನೀ ನಂಬ್ದಿ. ನಾ ಸುಮ್ನಿದ್ದೆ. ಆಮ್ಯಾಲ ನೀ ಅದನ್ನ ಹಿಡ್ಕೊಂಡು ಎದ್ದಿ, ರೊಟ್ಟಿ ತಿಂದಿ. ಹೆಂಗ ಹೇಳ್ಲಿ?”

“ಛಲೋ ಆತು. ಮುದುಕನ ಕಣ್ಣು ಉಳಿಸ್ದಿ.”

ಇದಕ್ಕಿಂತ ಕೆಟ್ಟದ್ದೇನಾದರೂ ಹೇಳಬೇಕೆಂದಿದ್ದಳು, ಸಿಗಲಿಲ್ಲ. ಅವನು ಮತ್ತೆ ಚೊಂಬು ಎತ್ತಿಕೊಂಡು ಇನ್ನೊಂದು ಕಾಲು ತೊಳೆದ. ದುರಾಸೆಯಿಂದ ಮಾಡಿದ್ದರೆ ಬೈಯಬಹುದಿತ್ತು. ಕುಡಿದು ಓಡಿಸಿದ್ದರೆ ಬಿಟ್ಟು ತವರಿಗೆ ಹೋಗಬಹುದಿತ್ತು. ಅವನು ಒಬ್ಬ ಮುದುಕನಿಗೆ ಒಳ್ಳೆಯದು ಮಾಡಿದ್ದ. ಅದನ್ನು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

ಅಂದಿನಿಂದ ಅವಳು ನಮಾಜಿಗೆ ಹಾಸುವ ಜಾನಮಾಜ್ ಬಿಚ್ಚಲಿಲ್ಲ. ದೇವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಾಗಲು ಅಲ್ಲಿ ಯಾರಾದರೂ ಇರಬೇಕು. ಒಂದು ಟ್ಯಾಂಕರ್, ಹಸಿ ಮಣ್ಣು, ಮುದುಕನ ಕಣ್ಣು, ಅಪ್ಪ ಕರೆದನೆಂದು ಎದ್ದುಹೋದ ಹುಡುಗಿ. ಇಷ್ಟರಿಂದಲೇ ಎಲ್ಲ ಆಗಿತ್ತು. ಇನ್ನೊಬ್ಬನ ಅಗತ್ಯ ಎಲ್ಲಿಯೂ ಬಿದ್ದಿರಲಿಲ್ಲ.

ಶುಕ್ರವಾರದ ಕೂಟಕ್ಕೆ ಬರದವಳನ್ನು ಹುಡುಕಿಕೊಂಡು ಸುಗರಾಬಿ ಬಂದಳು. ವಿಷಯ ಕೇಳಿ ತಸಬಿಯ ಮಣಿ ಎಣಿಸುವುದನ್ನು ನಿಲ್ಲಿಸಿದಳು. ಮತ್ತೊಂದು ಮಣಿ ಸರಿಸಿದಳು.

“ನಡುವ ಇದ್ದಾಕಿನ್ನ ಮುಂದ ಕರಸಿದವ ಯಾರು? ಅದೂ ಅವನ ಮರ್ಜಿನೇ.”

“ಹಿಂದ ಕುಂತಾಗ ಹಿಂದ ಕುಂತಿದ್ದು ಸಾಕ್ಷಿ. ಈಗ ಮುಂದ ಕುಂತಿದ್ದೂ ಸಾಕ್ಷಿ,” ಅಂದಳು ಲತೀಫಾ. “ನಿಮಗ ಎಲ್ಲಿ ಕುಂತ್ರೂ ನಡೀತದ ಖಾಲಾ.”

“ತೋಬಾ ಅನ್ನು, ಮಾಫಿ ಕೇಳು.”

ಲತೀಫಾ ಅನ್ನಲಿಲ್ಲ. ಬದಲಿಗೆ ದಂಡೋತಿಯ ಗೋಡೆಯ ಮೇಲಿನ ಫೋಟೋದ ಸಂಗತಿ ಹೇಳಿದಳು. ಸುಗರಾಬಿಗೆ ಅದು ಹೆಚ್ಚು ತಿಳಿಯುವ ವಿಷಯ. “ಮೇಣಬತ್ತಿ ಹಚ್ತಾನ? ಫೋಟೋಕ್ಕ? ಅಲ್ಲಿ ಪೂಜಿ ನಡದ್ರ ಕಬರಸ್ತಾನದಾಗ ಆಕಿಗಿ ತಕಲೀಫ್. ಮೊದಲ ಹೋಗಿ ತೆಗಸು.”

ಲತೀಫಾ ಅದನ್ನು ನಂಬಲಿಲ್ಲ. ಆದರೂ ಮರುದಿನ ಹೊರಟಳು. ತನಗೆ ಏನೂ ಉಳಿಸದ ಅದೇ ಸಂಗತಿಯಿಂದ ಇನ್ನೊಬ್ಬನಿಗೆ ದಿನಾ ಸಂಜೆ ಸಮಾಧಾನ ಸಿಗುತ್ತಿತ್ತು. ಅದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಮಳಖೇಡದಲ್ಲಿ ದಂಡೋತಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಆಟೋ ಪಲ್ಟಿಯಾದ ಜಾಗ ಬಂದಾಗ ನೋಡಬೇಕು ಅಂದುಕೊಂಡಿದ್ದಳು. ಕಂಡಕ್ಟರ್ ಬಂದು ಆಧಾರ್ ಕಾರ್ಡ್ ಕೇಳಿದ. ಬ್ಯಾಗಿನ ತಳದಿಂದ ಅದನ್ನು ತೆಗೆದು ತೋರಿಸಿ ತಲೆ ಎತ್ತುವಷ್ಟರಲ್ಲಿ ಬಸ್ಸು ಮುಂದೆ ಬಂದಾಗಿತ್ತು.

ಮಾಣಿಕಪ್ಪನ ಮನೆ ಕೇಳಿದ ಕೂಡಲೇ ತೋರಿಸಿದರು. ಪಡಸಾಲೆಯಲ್ಲಿ ಅವನ ಹೆಂಡತಿ ತುಳಜಾಬಾಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬುರಖಾದ ಮುಸುಕು ಮೇಲೆತ್ತಿದವಳ ಮುಖವನ್ನು ನೋಡಿ ಮೊರ ಕೆಳಗಿಟ್ಟಳು.

“ನೀವು ಆ ಕೂಸಿನ ತಾಯಿ,” ಅಂದಳು. “ಅದೇ ಮೂಗು. ಬರ್ರಿ, ಕುಂದ್ರಿ. ಬುದ್ಧ ವಿಹಾರಕ್ಕ ಹೋಗ್ಯಾನ, ಬರ್ತಾನ.”

ಲತೀಫಾ ಕೂರಲಿಲ್ಲ. ಎದುರಿನ ಗೋಡೆಯ ಮೇಲೆ ಬುದ್ಧನಿದ್ದ, ಬಾಬಾಸಾಹೇಬರಿದ್ದರು, ಅವರ ಪಕ್ಕಕ್ಕೆ ಅತೀಯಾ ಇದ್ದಳು. ಪೇಪರಿನ ಸಣ್ಣ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಕೆನ್ನೆಯೆಲ್ಲ ಚುಕ್ಕೆಚುಕ್ಕೆಯಾಗಿತ್ತು. ಸ್ಟುಡಿಯೋದವನು ಹಿಂದೆ ನೀಲಿ ಆಕಾಶ ಹಾಕಿದ್ದ, ತುಟಿಗೆ ಕೆಂಪು ಬಳಿದಿದ್ದ. ಫೋಟೋ ಇದ್ದ ಮನೆಗೆ ಫರಿಷ್ತೆಗಳು, ದೇವದೂತರು, ಬರುವುದಿಲ್ಲವೆಂದು ಸುಗರಾಬಿ ಹೇಳಿದ ಮೇಲೆ ಲತೀಫಾ ಮನೆಯಲ್ಲಿದ್ದ ಮಗಳ ಫೋಟೋಗಳನ್ನೆಲ್ಲ ಟ್ರಂಕಿಗೆ ಹಾಕಿ ಮೇಲೆ ಕೌದಿ ಹೇರಿದ್ದಳು. ಮಳೆಗಾಲದ ನಂತರ ಆ ಮುಖವನ್ನು ನೋಡುತ್ತಿದ್ದುದು ಇದೇ ಮೊದಲು.

“ನಮ್ಮವ್ವ ಕೊಟ್ಟ ಯಲ್ಲಮ್ಮನ್ನ ಕಾಗಿಣಾ ಹೊಳಿಗಿ ಒಗದು ಬಂದ ಮನುಷ್ಯಾ,” ತುಳಜಾಬಾಯಿ ಹಿಂದಿನಿಂದ ಹೇಳುತ್ತಿದ್ದಳು. “ನಾ ಎಲ್ಲ್ಯಾರ ಕೈ ಮುಗದ್ರ ವರ್ಷಗಟ್ಟಲೆ ಬೈದಾನ. ಈಗ ನೋಡ್ರಿ, ಮೇಣಬತ್ತಿ ಆರ್ತದಂತ ಸಂಜಿಗಿ ಫ್ಯಾನ್ ಹಚ್ಚಗೊಡಂಗಿಲ್ಲ. ಸೆಕಿಗಿ ನಾವು ಸಾಯಬೇಕು. ನಿನಗ ಯಾವ ದೇವ್ರು ಹಿಡೀತಪಾ ಅಂದ್ರ, ದೇವ್ರಲ್ಲ ಸುಮ್ನಿರು ಅಂತಾನ.” ಅವಳು ನಗಲು ಹೋಗಿ ನಿಲ್ಲಿಸಿದಳು. “ರಾತ್ರಿ ನಿದ್ದಿ ಮಾಡ್ತಾನ ಈಗ. ಮೊದಲ ಮಾಡ್ತಿರಲಿಲ್ಲ.”

ಮಾಣಿಕಪ್ಪ ಬಂದ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದವನು ಲತೀಫಾಳನ್ನು ಕಂಡು ಹಾಗೇ ನಿಂತ.

“ಅದನ್ನ ತೆಗೀರಿ,” ಅಂದಳು ಲತೀಫಾ.

ಅವನು ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡು ಹತ್ತಿದ. ಫೋಟೋ ಇಳಿಸಿ, ಹೆಗಲ ಮೇಲಿನ ಟವೆಲಿನಿಂದ ಗಾಜು ಒರೆಸಿ ಅವಳ ಕೈಗೆ ಕೊಟ್ಟ. ಇಷ್ಟು ಸುಲಭವಾಗಿ ಕೊಡುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ. ಜಗಳಕ್ಕೆಂದು ತಂದ ಮಾತು ಬಾಯಲ್ಲೇ ಉಳಿದಿತ್ತು. ಅದನ್ನು ಆಡಿಬಿಟ್ಟಳು.

“ಆಕಿ ನಿಮಗ ಜಾಗ ಕೊಡ್ಲಿಲ್ಲ. ನೀವು ಯಾರಂತ ಆಕಿಗಿ ಗೊತ್ತೇ ಇಲ್ಲ. ಅಪ್ಪ ಕರದ, ಹೋದ್ಲು. ಅಷ್ಟೇ. ಇದರಾಗ ಏನೂ ಇಲ್ಲ.”

“ಏನೂ ಇಲ್ಲೇನ್ರಿ?” ಅವನು ಡಾಕ್ಟರನ್ನು ಕೇಳುವ ಹಾಗೆ ಕೇಳಿದ.

“ಇಲ್ಲ.”

ಅವನು ಸ್ಟೂಲಿನ ಮೇಲೇ ಕೂತ. ಗೋಡೆಯಲ್ಲಿ ಮೊಳೆ ಉಳಿದಿತ್ತು. ತುಳಜಾಬಾಯಿ ಮತ್ತೆ ಮೊರ ಎತ್ತಿಕೊಂಡಳು.

“ಮುಂಜಾನಿ ಏಳ್ತೀನಿ ತಾಯಿ,” ಅಂದ ಮಾಣಿಕಪ್ಪ. “ಎದ್ದ ಕೂಡ್ಲೇ, ಈ ಮುದ್ಕ ಯಾಕ ಉಳ್ದ ಅಂತ ಯಾರೋ ಕೇಳಿದಂಗ ಆಗ್ತದ. ನಾ ಏನು ಮಾಡೋದದ ಇನ್ನ, ಎಲ್ಲಾ ಮುಗ್ಸಿ ಕುಂತಾವ. ಆಕಿ ಮುಖ ನೋಡಿದ್ರ, ಇರ್ಲಿ ಬಿಡು ಅಜ್ಜಾ ಅಂದಂಗ ಆಗ್ತದ. ಏನೂ ಇಲ್ಲಂದ್ರ ಮತ್ತ ನಾ ಹೆಂಗ ಮಾಡ್ಲಿ?”

ಅದೇ ಪ್ರಶ್ನೆಯನ್ನು ಕೇಳಲು ಲತೀಫಾಳಿಗೆ ಯಾರೂ ಇರಲಿಲ್ಲ. ಅವಳು ಕೈಯಲ್ಲಿದ್ದುದನ್ನು ನೋಡಿದಳು. ಮನೆಗೆ ಒಯ್ದರೆ ಎಲ್ಲಿಡುವುದು? ಟ್ರಂಕಿನಲ್ಲಿ ಇಷ್ಟು ದೊಡ್ಡದು ಹಿಡಿಯುವುದಿಲ್ಲ. ಹೊರಗಿಟ್ಟರೆ ಸಲಾಂ ಆ ಕಡೆ ಮುಖ ಮಾಡಿ ಊಟ ಮಾಡಲಾರ. ಗಾಜಿನ ಮೇಲೆ ಅವಳ ಬೆರಳಿನ ಗುರುತು ಬಿದ್ದಿತ್ತು. ಬುರಖಾದ ತೋಳಿನಿಂದ ಒರೆಸಿದಳು. ಒರೆಸಿದಷ್ಟೂ ತುಟಿ ಕೆಂಪಾಗಿ ಕಂಡಿತು.

“ಈ ತುಟಿ ಬಣ್ಣ ತೆಗಸ್ರಿ,” ಅಂದಳು. “ಆಕಿ ಹಚ್ಕೋತಿರಲಿಲ್ಲ.”

ಮಾಣಿಕಪ್ಪ ತಲೆ ಎತ್ತಿದ. ಅವಳು ಫೋಟೋ ಚಾಚಿ ಹಿಡಿದಿದ್ದಳು.

“ತೆಗಸ್ತೀನ್ರಿ. ಸೋಮವಾರ ಚಿತ್ತಾಪುರಕ್ಕ ಹೋಗೂದದ.”

“ಅಲ್ಲಿತನ ಹಿಂಗೇ ಇರ್ಲಿ. ನಮ್ಮ ಮನ್ಯಾಗ ಹಾಕಂಗಿಲ್ಲ.”

ಅವನು ಮತ್ತೆ ಸ್ಟೂಲು ಹತ್ತಿದ. ಅದರ ಒಂದು ಕಾಲು ಗಿಡ್ಡ, ಅವನು ತೋಳು ಎತ್ತಿದ ಕೂಡಲೇ ಅಲುಗಾಡಿತು. ಲತೀಫಾ ಬಗ್ಗಿ ಎರಡೂ ಕೈಯಿಂದ ಹಿಡಿದುಕೊಂಡಳು. ಮೊಳೆಗೆ ದಾರ ಸಿಗಿಸಲು ಅವನು ಎರಡು ಸಲ ತಪ್ಪಿದ, ಮೂರನೆಯ ಸಲ ಸಿಕ್ಕಿತು.

“ಸರಿ ಅದೇನ್ರಿ?”

“ಸೊಟ್ಟ ಅದ.”

ಅವನು ಸರಿಸಿದ. “ಈಗ?”

ಹೊರಗೆ ಮಳಖೇಡಕ್ಕೆ ಹೋಗುವ ಬಸ್ಸು ಹಾರ್ನ್ ಹೊಡೆದು ನಿಂತಿತು, ಸ್ವಲ್ಪ ಹೊತ್ತು ಕಾದು ಹೊರಟಿತು. ಲತೀಫಾ ಸ್ಟೂಲು ಬಿಡದೆ ಮೇಲೆ ನೋಡುತ್ತಿದ್ದಳು.

“ಇನ್ನೊಂದ್ ಜರಾ,” ಅಂದಳು.