ಖಾಲಿ ಮೊಟ್ಟೆಗಾಗಿ ಕಾದವಳು

ದೊರೆ ಸತ್ತ ದಿನ ತಳಿ ಸಂರಕ್ಷಣಾ ಕೇಂದ್ರದ ಕೋಳಿಮನೆಯಲ್ಲಿ ಅತ್ತವರು, ಕೋಳಿಗಳನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಒಬ್ಬರೇ. ಪಕ್ಕದ ಪ್ರಯೋಗಾಲಯದಲ್ಲಿದ್ದ ಸೊಸೆಗೆ ಅಳಲು ಪುರುಸೊತ್ತಿರಲಿಲ್ಲ. ಕಾಲ್ಬೆರಳಿನವರೆಗೂ ಪುಕ್ಕ ಇಳಿದಿದ್ದ ತಳಿಯ ಕೊನೆಯ ಹುಂಜ ಅದು. ನಡೆದರೆ ರೇಷ್ಮೆಯ ಅಂಚು ನೆಲ ಗುಡಿಸಿದ ಹಾಗೆ ಕಾಣುತ್ತಿತ್ತೆಂದು ಅತ್ತೆಯೇ ಅದಕ್ಕೆ ದೊರೆ ಎಂದು ಹೆಸರಿಟ್ಟಿದ್ದರು. ಬದುಕಿದ್ದಾಗ ಸೊಸೆ ಅದರ ಬೆನ್ನು ಸವರಿ ಸವರಿ ತೆಗೆದಿದ್ದ ವೀರ್ಯ, ತೆಳ್ಳನೆಯ ನಳಿಕೆಗಳಲ್ಲಿ, ದ್ರವ ನೈಟ್ರೋಜನ್ ತುಂಬಿದ ಕ್ಯಾನಿನೊಳಗೆ ಹೆಪ್ಪುಗಟ್ಟಿ ಕೂತಿತ್ತು. ಅದೇ ತಳಿಯ ಕೆಲವು ಹೇಂಟೆಗಳು ಉಳಿದಿದ್ದವು, ಅವಕ್ಕೂ ವಯಸ್ಸಾಗುತ್ತಿತ್ತು. ಅವು ಮೊಟ್ಟೆ ನಿಲ್ಲಿಸುವುದರೊಳಗೆ ದೊರೆಯ ಮರಿ ಹುಟ್ಟಬೇಕು. ಇಲ್ಲವಾದರೆ ಆ ವಂಶದ ಕಥೆ ಅಲ್ಲಿಗೆ ಮುಗಿಯಿತು.

ಅರ್ಧದಷ್ಟು ನಳಿಕೆಗಳನ್ನು ಹೇಂಟೆಗಳಿಗೆ ಹಾಕಿ ಆಯಿತು. ಕಾವಿಗಿಟ್ಟ ವಾರದ ಮೇಲೆ ಮೊಟ್ಟೆಗಳನ್ನು ದೀಪಕ್ಕೆ ಹಿಡಿದರೆ ಒಳಗೆ ಕೆಂಪು ಎಳೆಗಳು, ಮರಿ ಮೊಳೆತ ಗುರುತು! ಕೇಂದ್ರದ ಮುಖ್ಯಸ್ಥರು ಅಲ್ಲೇ ನಿಂತು ಮೇಲಿನವರಿಗೆ ಫೋನು ಹಚ್ಚಿದರು. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ ಅವರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಖುಷಿಯಲ್ಲಿ ಮಾತು ಪೋಣಿಸುತ್ತ ಹೋದರು. ಹಿತ್ತಲಲ್ಲಿದ್ದ, ಪುಂಡ ಅಂತ ಕರೆಯುತ್ತಿದ್ದ ಬೇರೆ ತಳಿಯ ಕೆಂಪು ಹುಂಜದ ಗೂಡು ಸೋರುತ್ತಿತ್ತಂತೆ, ಪಾಪ ಒಂಟಿಯಾಗಿ ಕೂಗುತ್ತಿತ್ತಂತೆ, ಒಂದು ಸಂಜೆಯ ಮಟ್ಟಿಗೆ ತಾವೇ ಅದನ್ನು ಹೇಂಟೆಗಳ ಜೊತೆ ಬಿಟ್ಟಿದ್ದರಂತೆ.

ಸೊಸೆಯ ಕೈ ತಟ್ಟೆಯಲ್ಲೇ ನಿಂತಿತು.

“ಯಾವಾಗ ಅತ್ತೆ?”

“ನೀನು ನಳಿಕೆ ಹಾಕಿದ್ಯಲ್ಲ, ಅದರ ಹಿಂದಿನ ವಾರ. ಯಾವತ್ತಿನ ಮಾತು ಬಿಡು. ಅವನೇನು ಅಲ್ಲಿ ಬೇರು ಬಿಟ್ಟಿದ್ದಾನಾ?”

ಬಿಟ್ಟಿದ್ದರೂ ಬಿಟ್ಟಿರಬಹುದು. ಹೇಂಟೆಯ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿರುತ್ತವೆ. ಒಮ್ಮೆ ಕೂಡಿದರೆ ಸಾಕು, ಹುಂಜದ ಬೀಜ ಅವುಗಳೊಳಗೆ ಎರಡು ಮೂರು ವಾರ ಜೀವ ಹಿಡಿದು, ದಿನದಿನದ ಮೊಟ್ಟೆಗೆ ಒಂದಿಷ್ಟಾಗಿ ಇಳಿಯುತ್ತಿರುತ್ತದೆ. ಆ ಕೆಂಪು ಎಳೆಗಳು ಸತ್ತ ದೊರೆಯವೋ, ಹಿತ್ತಲಲ್ಲಿ ಕೆದಕುತ್ತಿದ್ದ ಪುಂಡನವೋ?

ಮುಖ್ಯಸ್ಥರು ಅವಳನ್ನು ಸಮಾಧಾನ ಮಾಡಲು ನೋಡಿದರು. ತಾಯಿಯ ಕಾಲಲ್ಲೂ ಪುಕ್ಕವಿದೆ, ಮರಿಗೂ ಬಂದೇ ಬರುತ್ತದೆ, ಅಪ್ಪ ಯಾರೆಂದು ಯಾರು ಕೇಳುತ್ತಾರೆ ಎಂದರು.

“ನಾನು ಕೇಳ್ತೀನಿ ಸರ್,” ಎಂದಳು ಸೊಸೆ.

ಅಪ್ಪ ಯಾರೆಂದು ತಿಳಿಯಲು ಮರಿಗಳ ರಕ್ತವನ್ನು ಪರೀಕ್ಷೆಗೆ ಕಳಿಸಬಹುದಿತ್ತು. ಉತ್ತರ ಬರುವಷ್ಟರಲ್ಲಿ ಹೇಂಟೆಗಳು ಮೊಟ್ಟೆ ನಿಲ್ಲಿಸಿರುತ್ತಿದ್ದವು. ಅವಳು ಬೇರೆ ದಾರಿ ಹಿಡಿದಳು: ಆ ಮೊಟ್ಟೆಗಳನ್ನು ಲೆಕ್ಕದಿಂದ ಬಿಟ್ಟು, ಹೇಂಟೆಗಳನ್ನು ಬೇರೆ ಕೋಣೆಗೆ ಹಾಕಿ ಬೀಗ ಜಡಿದು, ಹಳೆಯ ಬೀಜವೆಲ್ಲ ತೀರಿ ಮೊಟ್ಟೆ ಎಳೆಯಿಲ್ಲದೆ ಖಾಲಿ ಬರುವವರೆಗೆ ಕಾಯುವುದು. ಆಮೇಲೆ ಉಳಿದ ನಳಿಕೆಗಳನ್ನೆಲ್ಲ ಒಂದೇ ಸಲ ಹಾಕುವುದು.

ಅತ್ತೆ ಎರಡು ದಿನ ಮಾತು ಬಿಟ್ಟರು. ತಪ್ಪು ತಮ್ಮದೆಂದು ಗೊತ್ತಿದ್ದರಿಂದ ಸಿಟ್ಟೂ ಜಾಸ್ತಿ ಇತ್ತು. ಮೂರನೆಯ ದಿನ ಕಾಳು ಹಾಕುತ್ತ, ಕೋಳಿಗಳಿಗೆ ಹೇಳುವ ಹಾಗೆ ಹೇಳಿದರು: “ಬಸಿರಾಗಲಿ ಅಂತ ಹರಕೆ ಹೊತ್ತವರನ್ನ ಕಂಡಿದ್ದೀನಮ್ಮ. ಬರಿದಾಗಲಿ ಅಂತ ಕಾಯೋಳನ್ನ ಇದೇ ಮೊದಲು ನೋಡ್ತಿರೋದು.”

ಸೊಸೆ ನಕ್ಕಳು, ಪಟ್ಟು ಸಡಿಲಿಸಲಿಲ್ಲ. ದೀಪದ ಮುಂದೆ ಎಳೆಗಳು ಕಡಿಮೆಯಾಗುತ್ತ ಬಂದವು. ಒಂದು ಹೇಂಟೆ ಮೊಟ್ಟೆಯಿಡುವುದನ್ನೇ ಬಿಟ್ಟಿತು. ಇನ್ನೊಂದು ದಿನ ಬಿಟ್ಟು ದಿನ ಇಡತೊಡಗಿತು. ಇನ್ನು ಸಾಕು, ಹಾಕಿಬಿಡು ಎಂದು ಅತ್ತೆ ಅಂಗಲಾಚಿದರು. ಅಂದು ದೀಪಕ್ಕೆ ಹಿಡಿದ ಮೊಟ್ಟೆಗಳಲ್ಲಿ ಒಂದರೊಳಗೆ ಕೂದಲೆಳೆಯಷ್ಟು ಕೆಂಪಿತ್ತು. ಸೊಸೆ ಹಾಕಲಿಲ್ಲ.

ಕೊನೆಗೊಂದು ವಾರ ಇಟ್ಟ ಮೊಟ್ಟೆಗಳೆಲ್ಲ, ಕಾವು ಕೊಟ್ಟ ಮೇಲೂ, ದೀಪದೆದುರು ತಿಳಿನೀರಿನಂತೆ ಬೆಳಗಿದವು.

ಅಂದು ಮಧ್ಯಾಹ್ನ, ಹೇಂಟೆಗಳು ಮೊಟ್ಟೆಯಿಟ್ಟು ಹಗುರಾದ ಮೇಲೆ, ಸೊಸೆ ನಳಿಕೆಗಳನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಕರಗಿಸಿದಳು. ಹೆಪ್ಪಿನಲ್ಲಿ ಬೀಜವನ್ನು ಕಾಯುವ ಗ್ಲಿಸರಿನ್ ಹೇಂಟೆಯ ಹೊಟ್ಟೆಯಲ್ಲಿ ಅದನ್ನೇ ಕೆಡಿಸುತ್ತದೆ. ಆ ಗ್ಲಿಸರಿನ್ನನ್ನು ಸ್ವಲ್ಪಸ್ವಲ್ಪವಾಗಿ ತೊಳೆದು ತೆಗೆದಳು. ಅತ್ತೆ ಒಂದೊಂದೇ ಹೇಂಟೆಯನ್ನು ತೊಡೆಯ ಮೇಲಿಟ್ಟು ಎಡಪಕ್ಕೆ ಮೆತ್ತಗೆ ಒತ್ತಿ ಹಿಡಿದರು. ಸೊಸೆ ಬೀಜ ಹಾಕುತ್ತ ಹೋದಳು, ಕ್ಯಾನು ಬರಿದಾಯಿತು.

ಹೊಸ ಮೊಟ್ಟೆಗಳಿಗೆ ಒಂದು ವಾರ ಕಾವು ಕೊಟ್ಟ ಮೇಲೆ ಕಿಟಕಿಗೆ ಕಂಬಳಿ ಹೊದಿಸಿ ಇಬ್ಬರೂ ದೀಪದ ಮುಂದೆ ಕೂತರು. ಮೊದಲ ಮೊಟ್ಟೆ ಖಾಲಿ. ಅದರ ನಂತರದ್ದೂ ಖಾಲಿ. ಅತ್ತೆಯ ತುಟಿ ಏನನ್ನೋ ಜಪಿಸುತ್ತಿತ್ತು. ಮತ್ತೊಂದನ್ನು ಹಿಡಿದಾಗ ಒಳಗೆ ಜೇಡನಂತೆ ಕಾಲು ಚಾಚಿದ ಕೆಂಪು, ನಡುವೆ ಮಿಡಿಯುವ ಒಂದು ಚುಕ್ಕೆ.

“ಇದು ಅವನದೇ ತಾನೆ?” ಎಂದರು ಅತ್ತೆ.

“ಅವನದೇ. ಬೇರೆ ಯಾರದ್ದೂ ಆಗೋ ಹಾಗಿಲ್ಲ.”

“ತಡಿ, ಇನ್ನೊಂದ್ಸಲ ನೋಡ್ತೀನಿ.”

“ತಣ್ಣಗಾಗುತ್ತೆ ಅತ್ತೆ,” ಎಂದು ಸೊಸೆ ಅದನ್ನು ಕಾವುಪೆಟ್ಟಿಗೆಯೊಳಗಿಟ್ಟು, ಮುಂದಿನ ಮೊಟ್ಟೆಗೆ ಕೈ ಚಾಚಿದಳು.