ಗದ್ದದ ಕೆಳಗಿನ ಮಚ್ಚೆ

ಮತ್ತೆ ಆ ನಗು, ಗಾಜಿನ ಬಾಗಿಲಾಚೆಯಿಂದ, ಇಂಗ್ಲಿಷ್ ಪಾಠದಲ್ಲಿ ಹೀಗೆ ನಗುವಂಥದ್ದು ಏನಿರುತ್ತದೆ, ದೇಗು ನಗರದ ಈ ಟ್ಯೂಷನ್ ಶಾಲೆಯಲ್ಲಿ ಕಲಿಸುತ್ತ ಕಲಿಸುತ್ತಲೇ ಕೂದಲು ನೆರೆತವು, ತನ್ನ ತರಗತಿಯಲ್ಲಿ ಒಂದು ಮಗುವಾದರೂ ಹೀಗೆ ನಕ್ಕದ್ದುಂಟೆ — ಓಕ್ಜು ಬಾರ್ಲಿ ಚಹಾದ ಲೋಟ ಹಿಡಿದು ಕಾರಿಡಾರಿನಲ್ಲೇ ನಿಂತಳು, ನೋಡಬಾರದು ಅಂದುಕೊಂಡೇ ನೋಡಿದಳು, ಕ್ಲೇರ್ ಕುರ್ಚಿ ಹತ್ತಿ ನಿಂತಿದ್ದಾಳೆ, ಶೂ ಬಿಚ್ಚಿ ಬರೀ ಕಾಲುಚೀಲದಲ್ಲಿ, ಕೆನಡಾದಲ್ಲಿ ಬೆಳೆದು ನಿನ್ನೆ ಮೊನ್ನೆ ಬಂದವಳು, ಟೀಚರ್ ಅನ್ಬೇಡಿ, ಕ್ಲೇರ್ ಅಂದ್ರೆ ಸಾಕು ಅಂದವಳು, ಕೆಳಗೆ ಮಕ್ಕಳೆಲ್ಲ ಮುಖ ಮೇಲೆತ್ತಿಕೊಂಡು, ಎಲ್ಲರಿಗಿಂತ ಮುಂದೆ ಸೊಡಮ್, ತನ್ನ ಸೊಡಮ್, ಗದ್ದ ಎಷ್ಟು ಎತ್ತಿದ್ದಾಳೆಂದರೆ ಅದರ ಕೆಳಗಿನ ಮಚ್ಚೆ ಕಾಣುತ್ತಿದೆ, ಅಲ್ಲೊಂದು ಮಚ್ಚೆಯಿದೆ ಎಂದೇ ಗೊತ್ತಿರಲಿಲ್ಲ, ಬೆರಳು ಹಿಡಿದು ಅವಳಿಗೆ ಎಬಿಸಿ ತಿದ್ದಿಸಿದ ಓಕ್ಜುವಿಗೆ. ಬೋರ್ಡಿನ ಮೇಲೆ ಲುಕ್ ಅಪ್ ಟು, ಅಯ್ಯೋ, ಇದಕ್ಕೆ ಕುರ್ಚಿ ಹತ್ತಬೇಕೆ, ತನ್ನ ತರಗತಿಯಲ್ಲಾದರೆ ಲುಕ್ ಅಪ್ ಟು ಅಂದ್ರೆ ಗೌರವಿಸು, ಲುಕ್ ಡೌನ್ ಆನ್ ಅಂದ್ರೆ ಕೀಳಾಗಿ ಕಾಣು, ಇನ್ನೊಂದ್ಸಲ, ಜೋರಾಗಿ, ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಿದ್ದರು, ಅರ್ಥ ಮರೆಯದಿರಲಿ ಎಂದು ಓಕ್ಜುವಿನದೇ ಒಂದು ಉಪಾಯ ಬೇರೆ, ಗೌರವಿಸು ಅನ್ನುವಾಗ ಹಿರಿಯರ ಮುಂದೆ ಬಗ್ಗಿದ ಹಾಗೆ ಎಲ್ಲರೂ ಸೊಂಟ ಬಗ್ಗಿಸಬೇಕು, ಡೈರೆಕ್ಟರೂ ಭೇಷ್ ಅಂದಿದ್ದರು — ಒಳಗೆ ಕ್ಲೇರ್ ಹೇಳುತ್ತಿದ್ದಾಳೆ, ಯಾಕ್ರೋ ಬಗ್ತೀರಾ, ಬಗ್ಗಿದ್ರೆ ನಾನು ಹೇಗೆ ಕಾಣ್ತೀನಿ, ನಾನೂ ಇವ್ರ ಥರ ಆಗ್ಬೇಕು ಅಂತ ಆಸೆಯಿಂದ ತಲೆಯೆತ್ತಿ ನೋಡೋದು ಲುಕ್ ಅಪ್ ಟು, ಹೆದ್ರಿಕೊಂಡು ಬಗ್ಗೋದಲ್ಲ, ನಿಮಗೆ ಯಾರನ್ನ ನೋಡಿದ್ರೆ ಹಾಗನ್ಸುತ್ತೆ, ವಾಕ್ಯ ಮಾಡಿ ನೋಡೋಣ. ಸೊಡಮ್ ಕೈಯೆತ್ತಿದಳು, ಓಕ್ಜು ಉಸಿರು ಹಿಡಿದಳು, ನನ್ನ ಹೆಸರು ಹೇಳೇ, ಒಂದೇ ಒಂದು ಸಲ — ಐ ಲುಕ್ ಅಪ್ ಟು ಯೂ, ಕ್ಲೇರ್, ಅಂದಳು ಹುಡುಗಿ, ವಾಕ್ಯದಲ್ಲಿ ಒಂದು ತಪ್ಪೂ ಇಲ್ಲ, ಕಲಿಸಿದವಳು ಓಕ್ಜುವಲ್ಲವೆ, ತಪ್ಪೆಲ್ಲಿಂದ ಬರಬೇಕು. ದಾಯಾದಿ ಹೊಲ ಕೊಂಡರೆ ಹೊಟ್ಟೆನೋವು ಅನ್ನುತ್ತಿದ್ದಳು ಅಜ್ಜಿ, ಹೌದು, ಹೊಟ್ಟೆಯೇ ನೋಯುತ್ತಿದೆ, ಉರಿಯುತ್ತಿದೆ, ಆ ಕಾಲುಚೀಲದ ಮೇಲೆ, ಆ ಕುರ್ಚಿಯ ಮೇಲೆ ಕೂಡ ಹೊಟ್ಟೆಕಿಚ್ಚು, ಹೂವು ಸಿಕ್ಕಿದ್ದು ನನಗೆ ತಾನೆ, ಇವತ್ತು ಶಿಕ್ಷಕರ ದಿನ, ಪಾಠಕ್ಕೆ ಮೊದಲೇ ಸೊಡಮ್ ಬಂದು ಕೆಂಪು ಕಾರ್ನೇಷನ್ ಎದೆಗೆ ಸಿಕ್ಕಿಸಿ ಹೋದಳು, ಎರಡೂ ಕೈಯಿಂದ, ಎಷ್ಟು ಮರ್ಯಾದೆಯಿಂದ, ಕಣ್ಣು ನೆಲದ ಮೇಲೆ, ಕ್ಲೇರ್ ಎದೆಯ ಮೇಲೆ ಹೂವಿಲ್ಲ, ನಂಗ್ಯಾಕೆ, ಅಮ್ಮಂಗೆ ಕೊಡಿ ಅಂದಳಂತೆ, ಅದೂ ಒಂದು ಜಂಬವೇ.

ಬಾಗಿಲು ತೆರೆಯಿತು, ಮಕ್ಕಳು ಹೊರಗೆ ನುಗ್ಗಿದರು, ನಗುತ್ತ ಬಂದ ಸೊಡಮ್ ಓಕ್ಜುವನ್ನು ಕಂಡದ್ದೇ ನಗು ನುಂಗಿ ಬಗ್ಗಿದಳು, ನಮಸ್ಕಾರ ಟೀಚರ್, ಸೊಡಮ್ ನಿಲ್ಲಮ್ಮ, ಮುಖ ಎತ್ತು, ನನ್ನನ್ನ ನೋಡು — ಅಷ್ಟು ಹೇಳಲು ಓಕ್ಜುವಿಗೆ ಎಷ್ಟು ಕಷ್ಟವಾಯಿತೆಂದರೆ ಧ್ವನಿ ಗಡುಸಾಯಿತು, ಹುಡುಗಿಯ ಕಿವಿ ಕೆಂಪೇರಿತು, ತಪ್ಪಾಯ್ತು ಟೀಚರ್, ಇನ್ಮೇಲೆ ಅಷ್ಟು ಜೋರಾಗಿ ನಗಲ್ಲ, ಎಂದು ಇನ್ನೂ ಕೆಳಗೆ ಬಗ್ಗಿದಳು, ಬೈಯುತ್ತಿಲ್ಲ ಕಣೇ, ನಾನು ಬೈಯುತ್ತಿಲ್ಲ, ಒಮ್ಮೆ ಎತ್ತು, ಎಲ್ಲ ಮನಸ್ಸಿನಲ್ಲೇ, ಕಣ್ಣ ಮುಂದೆ ನೇರ ಬೈತಲೆ, ಬಿಳೀ ಬೈತಲೆ, ಅದರ ಕೆಳಗೆಲ್ಲೋ ಆ ಮಚ್ಚೆ, ಬೈತಲೆ, ಬರೀ ಬೈತಲೆ