ರಾಹುಕಾಲದ ಓದು

ಯುದ್ಧದ ಕಾಲದ ಮಾತು. ಸೂಲಿಬೆಲೆಯ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಶಾಲೆ ಮೇಷ್ಟ್ರು. ಸೀಮೆಎಣ್ಣೆ ಸಿಗುತ್ತಿರಲಿಲ್ಲವಾದ್ದರಿಂದ ಭಾನುವಾರ ಬೆಳಕಿರುವಾಗಲೇ ಪಟೇಲ್ ಪಿಳ್ಳಪ್ಪನವರ ಪಡಸಾಲೆಯಲ್ಲಿ ಊರಿನವರಿಗೆ ಒಂದು ಹಳೆಯ ಹಾಸ್ಯ ಕಾದಂಬರಿ ಓದಿ ಹೇಳುತ್ತಿದ್ದೆ. ಪುಸ್ತಕ ನನ್ನ ಅಜ್ಜನ ಕಾಲದ್ದು. ಲಂಚ ತಿಂದು ಏಕಾದಶಿ ಮಾಡುವ ಅಮಲ್ದಾರ, ಅಳಿಯನ ಮನೆಯಲ್ಲಿ ಬೇರು ಬಿಟ್ಟ ಮಾವ, ನಾಲ್ಕು ದಿನ ಬೆಂಗಳೂರಿನಲ್ಲಿದ್ದು ಬಂದು ರಾಗಿಮುದ್ದೆ ಕಂಡು ಮೂಗು ಮುರಿಯುವ ಮಗ, ಎಲ್ಲರೂ ಅದರಲ್ಲಿದ್ದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಮ್ಮೂರಿನವರು ಆ ಜಾತಿಯವರಲ್ಲ. ಅವರು ಪಕ್ಕದವನ ಹೆಗಲು ಮುಟ್ಟಿ ನೋಡುತ್ತಿದ್ದರು. ಹೊಟ್ಟೆ ಹಿಡಿದು ನಕ್ಕು, ಕೊನೆಗೆ "ಆ ಕಾಲ್ದಾಗೆ ಜನ ಹಂಗಿದ್ರು" ಎಂದು ಪಂಚೆ ಕೊಡವಿಕೊಂಡು ಎದ್ದು ಹೋಗುತ್ತಿದ್ದರು. ಪಟೇಲರಂತೂ ಮೊದಲ ಪುಟಕ್ಕೇ ನಿದ್ದೆ ಹೋಗಿ, ಜನ ನಕ್ಕಾಗ ಎಚ್ಚೆತ್ತು, ತಾವೂ ಜೊತೆಗೆ ನಕ್ಕು ಮತ್ತೆ ಒರಗುತ್ತಿದ್ದರು. ಒಂದು ಅಕ್ಷರವನ್ನೂ ಬಿಡದೆ ಕೇಳುತ್ತಿದ್ದವರು ಬಾಗಿಲ ಹಿಂದೆ ಕೂತಿರುತ್ತಿದ್ದ ಅವರ ತಾಯಿ ಮುನಿತಾಯಮ್ಮ.

ಪಟೇಲರ ಮಗಳು ಭಾಗ್ಯಮ್ಮನಿಗೆ ಆಗ ಹದಿನಾರು. ಅವಳಿಗೆ ಆವತಿಯ ವೆಂಕಟರಾಯಪ್ಪನವರನ್ನು ಗೊತ್ತು ಮಾಡಿದ್ದರು. ಗಂಡಿಗೆ ಕೆರೆ ಕೆಳಗೆ ಗದ್ದೆ, ಮಿಲಿಟರಿಯವರಿಗೆ ಹುಲ್ಲು ಹಾಕುವ ಕಂಟ್ರಾಕ್ಟು, ಕೈಗೆ ಗಡಿಯಾರ. ಇಬ್ಬರು ಹೆಂಡತಿಯರು ತೀರಿಕೊಂಡಿದ್ದರು. ವಯಸ್ಸು ಕೇಳಿದರೆ ನಲವತ್ತು ಎನ್ನುತ್ತಿದ್ದರು. ಆ ಲೆಕ್ಕ ನಿಜವಾದರೆ ಅವರ ದೊಡ್ಡ ಅಳಿಯ ಬೈಲಪ್ಪ ಮಾವನಿಗಿಂತ ಒಂದು ವರ್ಷಕ್ಕೆ ಮೊದಲೇ ಹುಟ್ಟಿರಬೇಕು. ಮುನಿತಾಯಮ್ಮ ಬೇಡವೆಂದು ಮಗನಿಗೆ ಹೇಳಿ ಹೇಳಿ ಸೋತಿದ್ದರು. "ಗದ್ದೆ ನೋಡಮ್ಮ, ವಯಸ್ಸು ನೋಡ್ಬ್ಯಾಡ" ಎನ್ನುವುದೊಂದೇ ಪಟೇಲರ ಉತ್ತರ. ಹುಡುಗಿ ಅನ್ನ ಬಿಟ್ಟು ಮೂಲೆ ಹಿಡಿದಿದ್ದಳು. ನನ್ನ ಶಾಲೆಯಲ್ಲೇ ಓದು ಕಲಿತ ಮಗು ಅದು, ನನಗೂ ಸಂಕಟವಾಗುತ್ತಿತ್ತು. ಆದರೆ ಶಾಲೆ ನಡೆಯುತ್ತಿದ್ದದ್ದು ಪಟೇಲರ ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಿ. ಸುಮ್ಮನಿದ್ದೆ.

ಒಪ್ಪುವೀಳ್ಯಕ್ಕೆ ಒಂದು ಭಾನುವಾರ ಗೊತ್ತಾಯಿತು. ಎಲೆ ಅಡಿಕೆ ಕೈ ಬದಲಾದರೆ ಮುಗಿಯಿತು, ಆಮೇಲೆ ಯಾರೂ ಮಾತು ತೆಗೆಯುವಂತಿಲ್ಲ. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಸೂಲಿಬೆಲೆಯ ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದೇ ಇಲ್ಲ, ಗಂಡಿನವರು ದೀಪ ಹಚ್ಚುವ ಹೊತ್ತಿಗೆ ಬಂದಾರು ಎಂದು ಪಟೇಲರು ನಂಬಿ ಕೂತಿದ್ದರು. ಅವತ್ತು ಅದಕ್ಕೆ ಏನಾಯಿತೋ, ಏರಿನಲ್ಲೂ ಯಾರ ಕೈಲೂ ತಳ್ಳಿಸಿಕೊಳ್ಳದೆ ಬಂದುಬಿಟ್ಟಿತು. ಗಂಡಿನವರು ಹೊಸ್ತಿಲು ದಾಟುವುದಕ್ಕೂ ರಾಹುಕಾಲ ಹುಟ್ಟುವುದಕ್ಕೂ ಸರಿಹೋಯಿತು. ಅದು ಕಳೆಯುವವರೆಗೆ ವೀಳ್ಯದ ತಟ್ಟೆ ಮುಟ್ಟುವಂತಿಲ್ಲ.

"ಮೇಷ್ಟ್ರೇ, ಹೊತ್ತು ಹೋಗ್ಬೇಕು. ಆ ಪುಸ್ತಕ ತಗೊಂಡ್ ಬನ್ನಿ, ಏನಾದ್ರೂ ನಗೋ ಅಂಥದ್ದು ಓದಿ" ಎಂದರು ಪಟೇಲರು.

ಬಾಗಿಲ ಹಿಂದಿನಿಂದ ಮುನಿತಾಯಮ್ಮನ ದನಿ ಬಂತು. "ಮೀಸೆಗೆ ಕಾಡಿಗೆ ಹಚ್ಕೊಂಡ್ ಮದ್ವೆ ಆಗ್ತಾನಲ್ಲ, ಅದ್ ಓದಪ್ಪ. ವಸಿ ಜೋರಾಗಿ ಓದು."

ಬೇರೆ ಅಧ್ಯಾಯ ಓದಲೇ ಎಂದು ಪಟೇಲರ ಮುಖ ನೋಡಿದೆ. "ಅಮ್ಮ ಹೇಳ್ತಾವ್ಳಲ್ಲ, ಅದನ್ನೇ ಓದಿ" ಎಂದರು. ಹಿಂದೆ ಓದಿದಾಗ ಆ ಅಧ್ಯಾಯದುದ್ದಕ್ಕೂ ಅವರು ಗೊರಕೆ ಹೊಡೆದಿದ್ದರು. ಇವತ್ತು ಬೀಗರ ಎದುರು ನಿದ್ದೆ ಮಾಡುವ ಹಾಗಿರಲಿಲ್ಲ.

ಓದಿದೆ. ಕಥೆಯ ಮುದುಕ ಮದುಮಗ ಚಪ್ಪರದಲ್ಲಿ ಬೆವರುತ್ತಾನೆ. ಮೀಸೆಯ ಕಾಡಿಗೆ ಕರಗಿ ಗಲ್ಲಕ್ಕೆ ಇಳಿಯುತ್ತದೆ. ಜನ ಕಿಸಕ್ಕೆಂದಾಗ ಹುಡುಗಿಯ ತಂದೆ ಎದ್ದು ನಿಂತು, ಅಳಿಯಂದಿರಿಗೆ ಕಣ್ಣು ತಾಗದಿರಲೆಂದು ತಾನೇ ಇಟ್ಟ ದೃಷ್ಟಿಬೊಟ್ಟು ಅದು ಎನ್ನುತ್ತಾನೆ.

ಎಲ್ಲರಿಗಿಂತ ಜೋರಾಗಿ ನಕ್ಕವರು ವೆಂಕಟರಾಯಪ್ಪನವರು. ತೊಡೆ ತಟ್ಟಿಕೊಂಡು, ಕಣ್ಣೊರೆಸಿಕೊಂಡು, ಮತ್ತೊಮ್ಮೆ ಓದಿಸಿಕೊಂಡು ನಕ್ಕರು. ಅಳಿಯ ಬೈಲಪ್ಪ ಮಾತ್ರ ಚಾಪೆಯ ಕಡ್ಡಿ ಎಣಿಸುತ್ತಿದ್ದ. ನಮ್ಮೂರಿನವರು ಮೊದಲ ಸಲ ನಗು ನುಂಗಿಕೊಂಡು ಕೂತರು.

"ಆ ಮುದ್ಕನ್ದು ಬಿಡಿ, ಆಸೆ ಯಾರಿಗಿಲ್ಲ" ಎಂದರು ವೆಂಕಟರಾಯಪ್ಪನವರು. "ಆ ಹುಡ್ಗಿ ಅಪ್ಪನ್ಗೆ ಏನ್ ರೋಗ ಬಂದಿತ್ತು? ಹೆತ್ತ ಮಗ್ಳನ್ನ ಹಂಗ್ ಕೊಡೋನು ಮನುಷ್ಯನಾ? ನೀವಾಗಿದ್ರೆ ಕೊಡ್ತಿದ್ರಾ, ಪಟೇಲ್ರೇ?"

ಪಿಳ್ಳಪ್ಪನವರು ಭಾವಿ ಅಳಿಯನ ಮುಖವನ್ನು ನೋಡಿದರು. ಇಷ್ಟು ದಿನ ಗದ್ದೆಯನ್ನೇ ನೋಡಿದ್ದ ಮನುಷ್ಯ ಅವತ್ತು ಆ ಬೋಳುತಲೆಯನ್ನೂ ಉದುರಿದ ಹಲ್ಲನ್ನೂ ನೋಡಿದರೆಂದು ಕಾಣುತ್ತದೆ.

"ಇಲ್ಲ" ಎಂದರು ಮೆಲ್ಲಗೆ. "ಕೊಡ್ತಿರ್ಲಿಲ್ಲ."

"ಕೃಷ್ಣ ಕೃಷ್ಣ, ಹಲ್ಲಿ ನುಡೀತು" ಎಂದರು ಒಳಗಿನಿಂದ ಮುನಿತಾಯಮ್ಮ. "ಸತ್ಯವಾದ್ ಮಾತು."

ನನಗೆ ಯಾವ ಹಲ್ಲಿಯೂ ಕೇಳಿಸಲಿಲ್ಲ. ಆದರೆ ಹಲ್ಲಿ ನುಡಿದ ಮಾತಿಗೆ ತಪ್ಪುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗಿದೆ? ರಾಹುಕಾಲ ಕಳೆಯಿತು. ಪಟೇಲರು ವೀಳ್ಯದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿ ಇಟ್ಟುಬಂದರು.

"ವೀಳ್ಯ ಬ್ಯಾಡ ಗೌಡ್ರೇ. ಕೋಪ ಮಾಡ್ಕೋಬೇಡಿ, ಊಟ ಮಾಡ್ಕೊಂಡ್ ಹೋಗಿ."

"ಯಾಕೆ, ಏನಾಯ್ತು?" ವೆಂಕಟರಾಯಪ್ಪನವರು ನಿಜವಾಗಿಯೂ ಕಂಗಾಲಾಗಿದ್ದರು. ಸುತ್ತಲೂ ನೋಡಿದರು. ಬೈಲಪ್ಪನೇ ಎದ್ದು ಮಾವನ ಪೇಟವನ್ನು ಕೈಗೆ ಕೊಟ್ಟ. "ನಡೀರಿ ಮಾವ, ದಾರೀಲಿ ಹೇಳ್ತೀನಿ" ಎಂದ.

ಅವರು ಊಟಕ್ಕೆ ನಿಲ್ಲಲಿಲ್ಲ. ಮಾಡಿದ ಹೋಳಿಗೆ ಊರಿನವರ ಪಾಲಾಯಿತು. ಅಡುಗೆಮನೆಯ ಗೋಡೆಗೆ ಒರಗಿ ಭಾಗ್ಯಮ್ಮ ಹೋಳಿಗೆಯ ಮೇಲೆ ಹೋಳಿಗೆ ತಿನ್ನುತ್ತಿದ್ದುದನ್ನು ಕಂಡು ನನ್ನ ಜೀವ ತಣ್ಣಗಾಯಿತು. ಮುನಿತಾಯಮ್ಮ ಬಂದು ನನ್ನ ಪಕ್ಕದಲ್ಲಿ ಕೂತು, ಪುಸ್ತಕವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಮೇಷ್ಟ್ರೇ, ನಂಗೆ ತಾಳಿ ಕಟ್ದಾಗ ಪಿಳ್ಳಪ್ಪನ ಅಪ್ಪನ್ಗೆ ಬಾಯಾಗೆ ಒಂದ್ ಹಲ್ ಇರ್ಲಿಲ್ಲ. ನಂಗೆ ಹನ್ನೊಂದು. ಆವಾಗ ಈ ಪುಸ್ತಕ ಇತ್ತಾ?"

ಮೊದಲ ಪುಟದ ಇಸವಿ ನೋಡಿ ಲೆಕ್ಕ ಹಾಕಿದೆ. ಸುಳ್ಳು ಹೇಳಬಹುದಿತ್ತು, ಮನಸ್ಸು ಬರಲಿಲ್ಲ. "ಇತ್ತು ಅಜ್ಜಿ. ನಿಮ್ಮ ಮದುವೆಗೆ ಮುಂಚೆನೇ ಅಚ್ಚಾಗಿತ್ತು."

ಅಜ್ಜಿ ಆ ಇಸವಿಯ ಮೇಲೆ ಬೆರಳಾಡಿಸಿದರು.

"ಹಂಗಾದ್ರೆ ನಮ್ಮಪ್ಪನ್ಗೆ ಓದ್ ಹೇಳೋರು ಯಾರೂ ಇರ್ಲಿಲ್ಲ ಅನ್ನು" ಎಂದು ಪುಸ್ತಕವನ್ನು ನನ್ನ ಮಡಿಲಲ್ಲಿಟ್ಟು, ಮೊಮ್ಮಗಳಿಗೆ ಇನ್ನೊಂದು ಹೋಳಿಗೆ ಬಡಿಸಲು ಎದ್ದರು.